ನೆಟ್ಟಗೆ ನಿಂತ ಚಕ್ರಗಳು

“ಭಾವ, ಅಲ್ಲೇ ನಿಲ್ಲಿ. ಗಾಡಿ ಮುಟ್ಟಬೇಡಿ. ಇಲ್ಲಿ ಬಿಳೀ ಪುಡಿ ಸಿಕ್ಕಿದೆ!”

ನನ್ನ ಬಾಮೈದ ಕಾರಿನ ಹಿಂದಿನ ಸೀಟಿನ ಮೇಲೆ ಮೊಣಕಾಲೂರಿದ್ದ. ಅಂಗಳದಲ್ಲಿ ನಿಂತ ನಮಗೆ ಅವನ ಖಾಕಿ ಪ್ಯಾಂಟಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಠಾಣೆಯಲ್ಲಿ ಅವನು ಸಬ್ ಇನ್‌ಸ್ಪೆಕ್ಟರು. ನಮ್ಮ ಮನೆಯಲ್ಲಿ ಇನ್ನೂ ಹೆಂಡತಿಯ ತಮ್ಮ, ಅಷ್ಟೇ.

ಚಿಟಿಕೆ ಪುಡಿ ಹಿಡಿದುಕೊಂಡು ಹೊರಗೆ ಬಂದವನ ಮುಖದಲ್ಲಿ ಬಡ್ತಿ ಸಿಕ್ಕಷ್ಟು ಕಳೆಯಿತ್ತು. “ಅಕ್ಕ, ಇದು ಬರೀ ಗಾಜು ಒಡೆದ ಕೇಸಲ್ಲ. ಇದರ ಹಿಂದೆ ದೊಡ್ಡ ಜಾಲ ಇದೆ. ಮಾದಕ ವಸ್ತು!”

“ಪ್ಲಾಸ್ಟರ್ ಕಣೋ ಅದು,” ಅಂದೆ.

“ನಿಮಗೆ ಹೇಗೆ ಗೊತ್ತು?”

“ದಿನಾ ಅದರಲ್ಲೇ ಮುಳುಗಿ ಏಳ್ತೀನಿ. ಹಲ್ಲಿನ ಅಚ್ಚು ತೆಗೆಯೋ ಪ್ಲಾಸ್ಟರ್.”

ಅವನ ಬಡ್ತಿ ಅಲ್ಲಿಗೇ ನಿಂತಿತು. ನಾನು ಹಲ್ಲಿನ ಸೆಟ್ ಮಾಡುವವನು. ಮನೆಯ ಹಿಂದಿನ ಶೆಡ್ಡೇ ನನ್ನ ಕಾರ್ಖಾನೆ. ಆದರೆ ಶೆಡ್ಡಿನ ಪ್ಲಾಸ್ಟರ್ ಕಾರಿನ ಹಿಂದಿನ ಸೀಟಿಗೆ ಹೇಗೆ ಬಂತು? ಬಾಮೈದನ ಕಣ್ಣು ಈಗ ನನ್ನ ಮೇಲೇ ನೆಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಏನೂ ಮಾಡದಿದ್ದರೂ ಅಂಗೈ ನೋಡಿಕೊಂಡೆ.

ಹಿಂದಿನ ಕಂತು ತಪ್ಪಿಸಿಕೊಂಡವರಿಗೆ ಇಷ್ಟು ಸಾಕು: ಗುರುವಾರ ಬೆಳಿಗ್ಗೆ ನನ್ನ ಹೆಂಡತಿ ವಾಕಿಂಗ್ ಮುಗಿಸಿ ಬಂದಾಗ, ನಮ್ಮ ಅಂಗಳದಲ್ಲೇ ನಿಂತ ಕಾರಿನ ಹಿಂದಿನ ಸಣ್ಣ ಗಾಜು ಒಡೆದಿತ್ತು, ಮತ್ತು ಕಾರಿನಿಂದ ಒಂದೇ ಒಂದು ವಸ್ತು ಹೋಗಿತ್ತು. ಒಂದು ದಿಂಬು.

ಕಾರಿನ ರೇಡಿಯೋ ಇತ್ತು. ತಂಪು ಕನ್ನಡಕ ಇತ್ತು. ಡಿಕ್ಕಿಯಲ್ಲಿ ಹೊಸ ಟೈರು ಇತ್ತು. ಯಾವುದನ್ನೂ ಮುಟ್ಟದೆ ದಿಂಬು ಹೊತ್ತುಕೊಂಡು ಹೋದ ಕಳ್ಳನನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ದಿಂಬಿನ ವಿಷಯ ಹೇಳಬೇಕು. ನನ್ನ ಹೆಂಡತಿ ಡ್ರೈವಿಂಗ್ ಕಲಿಸುತ್ತಾಳೆ. ಅರ್ಧ ಊರಿಗೆ ಅವಳು ಮೇಡಂ. ಕಲಿಯುವವರು ಬ್ರೇಕ್ ಮರೆತರೆ ತುಳಿಯಲು ಅವಳು ಕೂರುವ ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್ ಇವೆ. ಕುಳ್ಳಗಿರುವವರಿಗೆ ರಸ್ತೆ ಕಾಣಲಿ ಅಂತ ನನ್ನ ಅಮ್ಮ ಒಂದು ದಿಂಬು ಹೊಲಿದುಕೊಟ್ಟಿದ್ದಳು. ನಮ್ಮಪ್ಪನ ಹಳೇ ಕೋಟಿನ ಬಟ್ಟೆ, ಕಂದು ಬಣ್ಣದ ಗೀಟು. ಅಪ್ಪ ಹೋದ ಮೇಲೂ ಆ ಕೋಟು ಊರಿನ ಕುಳ್ಳರನ್ನೆಲ್ಲ ಎತ್ತಿ ಹಿಡಿದಿತ್ತು.

“ಸೀಟ್ ನೋಡಿ ಭಾವ,” ಬಾಮೈದ ಮುಂದಿನ ಬಾಗಿಲು ತೆಗೆದ. “ಪೂರ್ತಿ ಮುಂದಕ್ಕೆ ಎಳೆದಿದ್ದಾರೆ. ಬುಧವಾರ ಸಂಜೆ ಕೊನೆಗೆ ಓಡಿಸಿದ್ದು ನೀವು. ನಿಮ್ಮ ಕಾಲು ಇಷ್ಟರಲ್ಲಿ ಹಿಡಿಯುತ್ತಾ? ಅಂದ್ರೆ ಕೂತವನು ಕುಳ್ಳ. ಇಲ್ಲಾ ಕುಳ್ಳಿ.” ಅಕ್ಕನ ಕಡೆ ತಿರುಗಿದ. “ಆ ದಿಂಬಿನ ಮೇಲೆ ಈಗ ಯಾರು ಕೂರ್ತಾ ಇದ್ದಾರೆ?”

“ನರ್ಸಮ್ಮ ಒಬ್ಬರೇ.”

“ಅವರನ್ನ ಠಾಣೆಗೆ ಕರೆಸ್ತೀನಿ.”

“ಕರೆಸು. ಆಸ್ಪತ್ರೆಯ ಕೆಲಸ ಮುಗಿಸಿ ಕಣ್ಣು ಎಳೀತಾ ಇದ್ರೂ ಕ್ಲಾಸಿಗೆ ಬರೋ ಹೆಂಗಸು. ದಿಂಬು ಬೇಕಿದ್ರೆ ಕೇಳ್ತಿದ್ರು, ಕೊಡ್ತಿದ್ದೆ,” ಅಂದಳು ನನ್ನ ಹೆಂಡತಿ. ಅವಳ ದನಿ ಏರುವುದೇ ಇಲ್ಲ. ಲಾರಿ ಎದುರಿಗೆ ಬಂದಾಗಲೂ ಇದೇ ದನಿಯಲ್ಲಿ ‘ಬ್ರೇಕ್’ ಅನ್ನುತ್ತಾಳೆ.

“ಡಾಕ್ಟರನ್ನ ಯಾಕೆ ಮರೀತೀಯ?” ಅಂದೆ ನಾನು.

ನಾನು ಸೆಟ್ ಮಾಡಿಕೊಡುವುದು ಹಲ್ಲಿನ ಡಾಕ್ಟರಿಗೆ. ಅವರೂ ಇವಳ ಹತ್ತಿರ ಡ್ರೈವಿಂಗ್‌ಗೆ ಸೇರಿ ಅರ್ಧಕ್ಕೇ ಬಿಟ್ಟವರು. ಕಾರಣ ಇವಳ ಬಾಯಿ. ತಿರುವಿನಲ್ಲಿ ಗಾಬರಿಯಾಗಿ ಸ್ಟೀರಿಂಗ್ ಎಳೆದಾಗ, “ಡಾಕ್ಟ್ರೇ, ಅದು ಹಲ್ಲಲ್ಲ, ಕೀಳಬೇಡಿ” ಅಂದುಬಿಟ್ಟಿದ್ದಳು. ಅವರು ಅಲ್ಲೇ ಇಳಿದು ಆಟೋ ಹತ್ತಿದರು. ಬುಧವಾರ ಮಧ್ಯಾಹ್ನ ಅಚ್ಚು ಕೊಡಲು ಶೆಡ್ಡಿಗೆ ಬಂದಾಗಲೂ ಮುಖ ಗಂಟು ಹಾಕಿಕೊಂಡೇ ಇದ್ದರು ಅಂತಲೂ ಹೇಳಿದೆ.

“ಶೆಡ್ಡಿಗೆ ಬಂದಿದ್ರಾ!” ಬಾಮೈದ ಮತ್ತೆ ಅರಳಿದ. “ಪ್ಲಾಸ್ಟರ್!”

ಹೆಂಡತಿ ಮಾತ್ರ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಕ್ರ ನೋಡುತ್ತಿದ್ದಳು. ಗುರುವಾರದಿಂದ ಕಾರನ್ನು ಯಾರೂ ಅಲ್ಲಾಡಿಸಿರಲಿಲ್ಲ. ಮುಂದಿನ ಎರಡೂ ಚಕ್ರಗಳು ನೆಟ್ಟಗೆ, ಕವಾಯತಿಗೆ ನಿಂತ ಹಾಗೆ ನಿಂತಿದ್ದವು.

“ರೀ, ಬುಧವಾರ ಗಾಡಿ ಹೇಗೆ ನಿಲ್ಲಿಸಿದ್ರಿ?”

ಇವಳ ಹತ್ತಿರ ಕಲಿತವರೆಲ್ಲ ಇಳಿಯುವ ಮುನ್ನ ಒಂದು ಮಂತ್ರ ಹೇಳಬೇಕು. ‘ಚಕ್ರ, ಗೇರ್, ಬ್ರೇಕ್, ಕನ್ನಡಿ, ಲಾಕ್.’ ಚಕ್ರ ನೆಟ್ಟಗೆ ಮಾಡು, ಒಂದನೇ ಗೇರಿಗೆ ಹಾಕು, ಹ್ಯಾಂಡ್ ಬ್ರೇಕ್ ಎಳೆ, ಕನ್ನಡಿ ಮಡಚು, ಲಾಕ್ ಮಾಡು. ಇವಳ ಗಂಡನಾಗಿ ನಾನು ಅದನ್ನು ನಿದ್ದೆಯಲ್ಲೂ ಹೇಳಬಲ್ಲೆ. ಮಾಡುವುದು ಮಾತ್ರ ಬೇರೆ ವಿಷಯ.

“ನೀನು ಹೇಳಿಕೊಟ್ಟ ಹಾಗೇ,” ಅಂದೆ.

“ಚಕ್ರ?”

“ನೆಟ್ಟಗೆ.”

“ಕನ್ನಡಿ?”

“ಮಡಚಿದ್ದೆ.”

“ಹೂಂ,” ಅಂದಳು. ಆ ‘ಹೂಂ’ ನನಗೆ ಹಿಡಿಸಲಿಲ್ಲ.

ಶೆಡ್ಡಿನಲ್ಲಿ ಹುಡುಕಿದ್ದು ಅವಳೇ. ಕಪಾಟಿನ ಮೇಲೆ ಸಾಲಾಗಿ ಇಟ್ಟಿದ್ದ ಅಚ್ಚುಗಳಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಡಾಕ್ಟರು ಬುಧವಾರ ಕೊಟ್ಟುಹೋದ ಅಚ್ಚಿನ ಮೇಲೆ ನಾನು ಸುರಿದ ಪ್ಲಾಸ್ಟರು. ಮುಷ್ಟಿಗಾತ್ರದ ಗಟ್ಟಿ ಗಡ್ಡೆ. ಮುಂದಿನ ಹಲ್ಲು ಮುರಿದಿತ್ತು, ಮುರಿದ ಜಾಗದಲ್ಲಿ ಗಾಜಿನ ಚೂರೊಂದು ಮಿನುಗಿತು.

“ಇದರಲ್ಲೇ ಗಾಜು ಒಡೆದಿದ್ದಾರೆ,” ಅಂದಳು. “ಒಡೆದು, ತಂದು, ಇದ್ದ ಜಾಗದಲ್ಲೇ ಇಟ್ಟಿದ್ದಾರೆ.”

ಕಾರಿನವರೆಗೆ ಬಂದವನು ಶೆಡ್ಡಿಗೂ ಬಂದಿದ್ದ. ನನ್ನ ಕುರ್ಚಿ ದಾಟಿ, ನನ್ನ ಟೀ ಲೋಟ ದಾಟಿ, ನನ್ನ ಕಪಾಟಿಗೆ ಕೈ ಹಾಕಿದ್ದ. ವಾಪಸು ಇಟ್ಟಿದ್ದ ಅನ್ನುವುದು ಇನ್ನೂ ಕೆಟ್ಟದಾಗಿತ್ತು.

ಒಂದು ಮಾತು ಹೇಳಿಬಿಡುತ್ತೇನೆ. ನಾನು ಸುಖಿ ಮನುಷ್ಯ. ಕೈತುಂಬ ಕೆಲಸ, ಅಂಗಳದಲ್ಲಿ ಬಿಸಿಲು, ಅಡುಗೆಮನೆಯಲ್ಲಿ ಅಮ್ಮನ ರೇಡಿಯೋ, ಸಂಜೆ ಹೆಂಡತಿ ಬಂದು ಆ ದಿನ ಯಾರು ಯಾವ ಕಂಬಕ್ಕೆ ಗುದ್ದಿದರು ಅಂತ ಹೇಳಿದರೆ ಮೂವರೂ ನಕ್ಕು ಊಟ ಮಾಡುತ್ತಿದ್ದೆವು. ಅಮ್ಮ ಎಷ್ಟೋ ದಿನ ಹೆಣಿಗೆ ಹಿಡಿದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಪಾಠಕ್ಕೂ ಹೋಗುತ್ತಿದ್ದಳು. ಹೊಸದಾಗಿ ಕಲಿಯುವ ಹೆಂಗಸರಿಗೆ ಹಿಂದೆ ಒಬ್ಬ ಅಜ್ಜಿ ಇದ್ದರೆ ಅದೇನೋ ಧೈರ್ಯವಂತೆ.

ಗುರುವಾರದಿಂದ ಅದೆಲ್ಲ ಕೆಟ್ಟಿತು. ಮನೆಯ ಸದ್ದುಗಳೇ ಬೇರೆಯಾದವು. ಫ್ರಿಜ್ ಗುಂಯ್‌ಗುಟ್ಟಿದರೆ ಯಾರೋ ಗೊಣಗಿದ ಹಾಗೆ, ಗೇಟು ಗಾಳಿಗೆ ಅಲ್ಲಾಡಿದರೆ ಯಾರೋ ತೆಗೆದ ಹಾಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ನಾನು ಚಿಲಕ ಹಾಕಿ, ಮಲಗಿ, ಎದ್ದು ಬಂದು ಮತ್ತೆ ಚಿಲಕ ನೋಡುತ್ತಿದ್ದೆ. ಪಕ್ಕದಲ್ಲಿ ರೈಲು ಹೋದರೂ ಏಳದವನು ನಾನು. ನನಗೆ ಹೆದರಿಕೆಯಾಗಿತ್ತು, ಅದರಲ್ಲಿ ಮುಚ್ಚುಮರೆ ಏನಿದೆ?

ಆದರೆ ಆ ಹೆದರಿಕೆಗಿಂತ ದೊಡ್ಡದು ನಡುಮನೆಯ ಮೂಲೆಯಲ್ಲಿ ಕೂತಿತ್ತು. ಅಮ್ಮನ ಸೂಟ್‌ಕೇಸು.

“ಕಳ್ಳ ಕೂತು ಎದ್ದುಹೋದ ಮನೇಲಿ ನಾನಿರಲ್ಲ,” ಅಂತ ಗುರುವಾರವೇ ಹೇಳಿದ್ದಳು. “ಭಾನುವಾರ ನಿಮ್ಮಕ್ಕನ ಮನೆಗೆ ಬಿಟ್ಟುಬಿಡು. ನಾಲ್ಕನೇ ಮಹಡಿ. ಕಳ್ಳ ಯಾವನೂ ಅಷ್ಟು ಹತ್ತಲ್ಲ.”

“ಲಿಫ್ಟ್ ಇದೆಯಲ್ಲಮ್ಮ?”

“ಅದು ಕೆಟ್ಟಿದೆ.”

“ಎಷ್ಟು ದಿನಕ್ಕೆ?”

“ಇರೋದಕ್ಕೆ.”

ನಾನು ತಮಾಷೆ ಅಂದುಕೊಂಡಿದ್ದೆ. ಶನಿವಾರ ಅಡುಗೆಮನೆಗೆ ಹೋದಾಗ ಶೆಲ್ಫಿನ ಮೇಲೆ ರೇಡಿಯೋ ಇರಲಿಲ್ಲ, ಅದರ ಚೌಕಾಕಾರದ ಗುರುತು ಮಾತ್ರ ಉಳಿದಿತ್ತು. ಅಮ್ಮ ನೆಂಟರ ಮನೆಗೆ ಹೋಗುವಾಗ ಸೀರೆ ಒಯ್ಯುತ್ತಾಳೆ. ರೇಡಿಯೋ ಒಯ್ದವಳಲ್ಲ.

“ಈ ಬೀನ್ಸ್ ಹೆಚ್ಚಿಕೊಡು ಬಾ,” ಅಂದಳು. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತಾಗಿತಂತೆ.

ಹೆಚ್ಚುತ್ತಾ ಹೇಳಿದೆ: “ನಾಳೆಯೊಳಗೆ ಕಳ್ಳ ಸಿಕ್ಕಿಬಿಟ್ರೆ ಇರ್ತೀಯಾ?”

ಅಮ್ಮ ಇನ್ನೊಂದು ಹಿಡಿ ಬೀನ್ಸ್ ನನ್ನ ಮುಂದೆ ಸುರಿದಳು. “ಸಣ್ಣಗೆ ಹೆಚ್ಚೋ,” ಅಂದಳು.

ಸಂಜೆ ಹೆಂಡತಿ ನನ್ನ ಮುಂದೆ ಟೀ ಇಟ್ಟು, ಎದುರಿಗೆ ಕೂತಳು. ಅವಳು ಹಾಗೆ ಎದುರಿಗೆ ಕೂತರೆ ಪರೀಕ್ಷೆ ಅಂತ ಅರ್ಥ.

“ಮದುವೆಯಾದಾಗಿಂದ ಒಂದು ದಿನ ಚಕ್ರ ನೆಟ್ಟಗೆ ಬಿಟ್ಟವರಲ್ಲ ನೀವು. ಬುಧವಾರ ಒಂದೇ ದಿನ ಹೇಗೆ ಬಿಟ್ರಿ?”

“ಅದು...”

“ನಾನು ಬೈಯಲ್ಲ.”

“ಆಣೆ?”

“ರೀ!”

“ಹೂಕುಂಡದ ಕಡೆಗೆ ಪೂರ್ತಿ ತಿರುಗಿತ್ತು,” ಅಂದೆ. “ಕನ್ನಡಿನೂ ಮಡಚಿರಲಿಲ್ಲ. ಗೇರೂ ಹಾಕಿರಲಿಲ್ಲ. ಹ್ಯಾಂಡ್ ಬ್ರೇಕ್ ಮಾತ್ರ ಎಳೆದಿದ್ದೆ ಕಣೆ, ಅದು ನಿಜ.”

ಅವಳು ಬೈಯಲಿಲ್ಲ. ಲೋಟ ಕೆಳಗಿಟ್ಟು, “ಇದನ್ನ ಗುರುವಾರವೇ ಹೇಳಿದ್ರೆ ಎರಡು ದಿನ ಉಳೀತಿತ್ತು,” ಅಂದಳು.

“ಯಾಕೆ?”

“ನಮ್ಮ ಗಾಡೀದು ಕೀಲಿ ಹಾಕದೆ ಸ್ಟೀರಿಂಗ್ ತಿರುಗಲ್ಲ, ಲಾಕ್ ಆಗಿರುತ್ತೆ. ನೀವು ತಿರುಗಿಸಿ ಬಿಟ್ಟ ಚಕ್ರ ಬೆಳಿಗ್ಗೆ ನೆಟ್ಟಗೆ ಇತ್ತು. ಅಂದ್ರೆ ಕೀಲಿ ಹಾಕಿ, ಗಾಡಿ ಸ್ಟಾರ್ಟ್ ಮಾಡಿದ್ದಾರೆ. ನಿಲ್ಲಿಸುವಾಗ ನಾನು ಹೇಳಿಕೊಡೋ ಹಾಗೇ ನಿಲ್ಲಿಸಿದ್ದಾರೆ. ನಿಮಗಿಂತ ಚೆನ್ನಾಗಿ.”

“ಕೀಲಿ ನಡುಮನೆಯ ಮೊಳೆ ಮೇಲೇ ಇತ್ತಲ್ಲ?”

“ಇತ್ತು.”

“ಕೀಲಿ ಇದ್ದವನು ಗಾಜು ಯಾಕೆ ಒಡೀತಾನೆ?”

ಕಿಟಕಿಯಾಚೆ ಅಮ್ಮ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಹೆಂಡತಿ ಅತ್ತ ನೋಡುತ್ತಾ, “ನಾಳೆ ಅತ್ತೆನ ಬಿಡೋಕೆ ನೀವೇ ಓಡಿಸಿ,” ಅಂದಳು. “ಅವರು ಮುಂದೆ ಕೂರಲಿ. ನಾನು ಹಿಂದೆ ಕೂರ್ತೀನಿ.”

“ನಿನ್ನ ಸೀಟಲ್ಲಿ ಅಮ್ಮನ್ನ ಕೂರಿಸ್ತೀಯಾ?”

“ಹೂಂ.”

ಮತ್ತದೇ ‘ಹೂಂ’.

ನಾನಂತೂ ಅವಳ ಮಾತಿನಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ. ಕಳ್ಳ ನಡುಮನೆಯ ಮೊಳೆಯವರೆಗೂ ಬಂದಿದ್ದಾನೆ ಅಂದರೆ ಅವನ ಹತ್ತಿರ ನಮ್ಮ ಮನೆಯ ಕೀಲಿಯೂ ಇದೆ! ಓಡಿಹೋಗಿ ಬೀಗದ ಅಂಗಡಿಯವನನ್ನು ಕರೆತಂದು ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದೆ. ಅಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ನಾನು ಬೀಗವನ್ನು ಮೂರು ಸಲ ಹಾಕಿ ತೆಗೆದು ಪರೀಕ್ಷೆ ಮಾಡಿದ್ದನ್ನೂ ನೋಡಿದಳು ಅಂತ ಕಾಣುತ್ತದೆ. ಎದ್ದು ಒಳಗೆ ಹೋಗಿ ಸೂಟ್‌ಕೇಸಿಗೆ ಇನ್ನೊಂದು ಸೀರೆ ಹಾಕಿದಳು.

ಭಾನುವಾರ ಬೆಳಿಗ್ಗೆ ಹೊರಟೆವು. ಒಡೆದ ಗಾಜಿಗೆ ರಟ್ಟು ಅಂಟಿಸಿತ್ತು, ಅದು ದಾರಿಯುದ್ದಕ್ಕೂ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಮ್ಮ ಪಕ್ಕದ ಸೀಟಿನಲ್ಲಿ ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮನೆ ಬಿಟ್ಟು ಹೋಗುತ್ತಿರುವವಳು ಅವಳಾದರೂ ನನಗೇ ಮನೆ ಬಿಟ್ಟು ಹೋಗುತ್ತಿರುವ ಹಾಗೆ ಅನ್ನಿಸುತ್ತಿತ್ತು.

“ನಿಧಾನಕ್ಕೆ ಹೋಗಿ,” ಅಂದಳು ಹಿಂದಿನಿಂದ ಹೆಂಡತಿ. “ಅವಸರ ಏನಿಲ್ಲ.”

ಬ್ರೆಡ್ ಅಂಗಡಿ ದಾಟಿ ಶಾಲೆಯ ಗೋಡೆಯ ಪಕ್ಕ ಬಂದೆ. ಅಮ್ಮ ಇಲ್ಲದ ಅಡುಗೆಮನೆಯನ್ನು ಯೋಚಿಸುತ್ತಿದ್ದೆ. ಬಲಗಡೆಯ ಓಣಿಯಿಂದ ಹಾಲಿನ ವ್ಯಾನು ಹಿಮ್ಮುಖವಾಗಿ ರಸ್ತೆಗೆ ಬಂದದ್ದು ನನಗೆ ಕಾಣಲೇ ಇಲ್ಲ.

ಕಾರು ನಿಂತಿತು. ನಾನು ನಿಲ್ಲಿಸಲಿಲ್ಲ. ನನ್ನ ಕಾಲು ಇನ್ನೂ ಆಕ್ಸಿಲರೇಟರಿನ ಮೇಲೇ ಇತ್ತು.

ವ್ಯಾನಿನ ಹಿಂಬದಿಗೂ ನಮ್ಮ ಬಂಪರಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗವಿತ್ತು. ಹಾಲಿನವನು ಇಳಿದು ಬಂದು ನನ್ನ ಕಣ್ಣಿನ ಬಗ್ಗೆ ಎರಡು ಮಾತು ಹೇಳಿ ಹೋದ. ಆಮೇಲೆ ಎಲ್ಲ ತಣ್ಣಗಾಯಿತು. ಕೇಳುತ್ತಿದ್ದದ್ದು ಒಂದೇ ಸದ್ದು, ನಮ್ಮ ಎಂಜಿನ್ನಿನದು.

“ಎಂಜಿನ್ ಆಫ್ ಆಗ್ಲಿಲ್ಲ,” ಅಂದಳು ಹೆಂಡತಿ ಮೆಲ್ಲಗೆ.

ನಾನು ಕನ್ನಡಿಯಲ್ಲಿ ನೋಡಿದೆ; ಅವಳ ಕಣ್ಣು ಅಮ್ಮನ ಮೇಲಿತ್ತು.

“ಗಾಬರಿಯಲ್ಲಿ ಯಾರು ಬೇಕಾದ್ರೂ ಬ್ರೇಕ್ ತುಳೀತಾರೆ. ಆದ್ರೆ ಬರೀ ಬ್ರೇಕ್ ತುಳಿದ್ರೆ ಗಾಡಿ ಕೆಮ್ಮಿ, ಕುಲುಕಿ ಆಫ್ ಆಗಿಬಿಡುತ್ತೆ. ಜೊತೆಗೆ ಕ್ಲಚ್ಚೂ ತುಳಿಬೇಕು ಅಂತ ಕಲಿತವರಿಗೆ ಮಾತ್ರ ಗೊತ್ತು.” ಅವಳು ಮುಂದಕ್ಕೆ ಬಾಗಿ ಅತ್ತೆಯ ಭುಜದ ಮೇಲೆ ಕೈಯಿಟ್ಟಳು. “ಅತ್ತೆ, ಇನ್ನು ಕಾಲು ತೆಗೀಬಹುದು.”

ನಾನು ಬಗ್ಗಿ ನೋಡಿದೆ. ಅಮ್ಮನ ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ. ಎರಡೂ ತಳ ಮುಟ್ಟಿದ್ದವು. ಚಪ್ಪಲಿ ಕಳಚಿ ಬದಿಗಿಟ್ಟಿದ್ದಳು.

“ಅಮ್ಮಾ?” ಅಂದೆ.

“ಕೂಗಬೇಡ. ಗಾಡಿ ಬದಿಗೆ ಹಾಕು ಮೊದಲು,” ಅಂದಳು ಅಮ್ಮ. “ಇಂಡಿಕೇಟರ್ ಹಾಕೋ.”

ಗೋಡೆಯ ಪಕ್ಕ ನಿಲ್ಲಿಸಿದೆ. ಅಮ್ಮ ರೇಡಿಯೋವನ್ನು ಎದೆಗವಚಿಕೊಂಡು ನೇರ ಮುಂದಕ್ಕೆ ನೋಡುತ್ತಿದ್ದಳು.

“ಯಾರು ಹೇಳಿಕೊಟ್ರು ಅತ್ತೆ?”

“ನೀನೇ.”

“ನಾನಾ?”

“ಹಿಂದಿನ ಸೀಟಲ್ಲಿ ಕೂತು ಹೆಣೀತಾ ಎಷ್ಟು ಜನರ ಪಾಠ ಕೇಳಿದ್ದೀನಿ ನಾನು! ಡಾಕ್ಟರದ್ದು, ನರ್ಸಮ್ಮಂದು, ಆ ಬ್ಯಾಂಕಿನವನದ್ದು. ಅವರೆಲ್ಲ ಮರೀತಿದ್ರು. ನನಗೆ ಒಂದೂ ಮರೀಲಿಲ್ಲ.” ಅವಳ ದನಿಯಲ್ಲಿ ಸಣ್ಣ ಜಂಬವಿತ್ತು. “ನೀನು ವಾಕಿಂಗ್ ಹೋದಾಗ ದಿನಾ ಹೋಗಿ ಕೂರ್ತಿದ್ದೆ. ಬರೀ ಕೂರೋದು. ಗೇರ್ ಹಾಕಿ ತೆಗೆಯೋದು. ಇವನು ಗೊರಕೆ ಹೊಡೀತಿದ್ದ.”

“ಗುರುವಾರ?”

“ಗುರುವಾರ ಸ್ಟಾರ್ಟ್ ಮಾಡಿದೆ.”

ಅಂಗಳದಲ್ಲೇ ಗೇಟಿನವರೆಗೆ ಹೋಗಿ, ಹಿಂದಕ್ಕೆ ಬಂದಿದ್ದಳಂತೆ. ಒಂದು ಹೂಕುಂಡಕ್ಕೂ ತಾಗಿಸಲಿಲ್ಲವಂತೆ. ಅದನ್ನು ಹೇಳುವಾಗ ಅವಳ ಮುಖ ಹೇಗಿತ್ತು ಅಂದರೆ, ನಾನು ಅಲ್ಲಿರಲಿಲ್ಲವಲ್ಲ ಅಂತ ನನಗೆ ಹೊಟ್ಟೆಕಿಚ್ಚಾಯಿತು.

“ಆಮೇಲೆ ನಿಲ್ಲಿಸಿದೆ. ನೀನು ಹೇಳೋ ಹಾಗೇ. ಚಕ್ರ, ಗೇರ್, ಬ್ರೇಕ್, ಕನ್ನಡಿ, ಲಾಕ್. ಬಾಗಿಲು ಹಾಕಿದೆ.” ಅಮ್ಮ ರೇಡಿಯೋದ ಗುಂಡಿ ತಿರುವಿದಳು. “ನೋಡಿದ್ರೆ ಕೀಲಿ ಒಳಗೇ ಇತ್ತು.”

ಹಿಂದಿನಿಂದ ವಿಚಿತ್ರ ಸದ್ದು ಬಂತು. ನನ್ನ ಹೆಂಡತಿ, ಎಂದೂ ದನಿ ಏರಿಸದವಳು, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

“ತಪ್ಪು ನಂದು ಅತ್ತೆ! ಮಂತ್ರದಲ್ಲಿ ಕೀಲಿನೇ ಇಲ್ಲ! ಕಲಿಯೋರು ಇಳಿಯೋ ಮೊದಲು ಕೀಲಿ ನಾನೇ ಕಿತ್ತುಕೊಳ್ತೀನಿ. ಅದನ್ನ ಬಾಯಿಬಿಟ್ಟು ಹೇಳಿದ್ದೇ ಇಲ್ಲ!”

ಕೇಳಿ ಕಲಿತವಳಿಗೆ ಕೇಳದ್ದು ಹೇಗೆ ಗೊತ್ತಾಗಬೇಕು? ಊರಿನಲ್ಲಿ ಯಾವ ಕಳ್ಳನೂ ಮಾಡದ, ನಮ್ಮಮ್ಮ ಒಬ್ಬಳೇ ಮಾಡಬಹುದಾದ ತಪ್ಪದು. ಸೊಸೆ ಬರುವುದರೊಳಗೆ ಕೀಲಿ ಮೊಳೆಗೆ ಸೇರಬೇಕಿತ್ತು. ಶೆಡ್ಡಿಗೆ ಓಡಿ, ಕೈಗೆ ಸಿಕ್ಕ ಹಲ್ಲಿನ ಅಚ್ಚು ತಂದು, ಗಾಜು ಒಡೆದು, ಕೈ ಹಾಕಿ ಲಾಕ್ ತೆಗೆದಿದ್ದಳು. ಹೆಬ್ಬೆರಳು ಕುಯ್ದಿದ್ದು ಬಿಸ್ಕತ್ತಿನ ಡಬ್ಬಿಯಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳುವಿನಂಥ ನಗು. “ಅಮ್ಮ, ಹಾಗಾದ್ರೆ ಕಳ್ಳನೇ ಇಲ್ಲ! ಮತ್ತೆ ನೀನ್ಯಾಕೆ ಹೊರಟಿದ್ದೀಯ? ಹೇಳಿದ್ದಿದ್ರೆ ಮುಗೀತಿತ್ತಲ್ಲ?”

“ಹೇಗೆ ಹೇಳಲಿ? ನೀನು ಎದ್ದೆದ್ದು ಚಿಲಕ ನೋಡ್ತಿದ್ದೆ. ಹೊಸ ಬೀಗ ಹಾಕಿಸಿದೆ. ನನ್ನಿಂದ ಹೀಗಾಯ್ತಲ್ಲ ಅಂತ ನೋಡೋಕಾಗ್ಲಿಲ್ಲ.” ಅಮ್ಮ ನನ್ನ ಕಡೆ ತಿರುಗಿದಳು. ಕಣ್ಣು ತೇವವಾಗಿತ್ತು. “ಅದೊಂದೇ ಆಗಿದ್ರೆ ನಾಚಿಕೆ ಬಿಟ್ಟು ಹೇಳ್ತಿದ್ದೆ ಕಣೋ. ಆದ್ರೆ ನನಗೂ ನಿದ್ದೆ ಇಲ್ಲ. ಗಾಜು ಒಡೆದವಳು ನಾನೇ ಅಂತ ಗೊತ್ತಿದ್ದೂ ನಾನ್ಯಾಕೆ ಹೆದರ್ತೀನಿ ಹೇಳು?”

ಹೆಂಡತಿಯ ನಗು ನಿಂತಿತು. “ದಿಂಬು,” ಅಂದಳು.

“ದಿಂಬು ನಾನು ತಗೊಂಡಿಲ್ಲ,” ಅಂದಳು ಅಮ್ಮ. “ಕೀಲಿ ತಗೊಂಡು ಒಳಗೆ ಹೋಗುವಾಗ ಅದು ಸೀಟಿನ ಮೇಲೇ ಇತ್ತು. ಬೆರಳಿಗೆ ಬಟ್ಟೆ ಸುತ್ತಿ ಹೊರಗೆ ಬರೋ ಅಷ್ಟರಲ್ಲಿ ನೀನು ವಾಕಿಂಗ್ ಮುಗಿಸಿ ಬಂದು ಗಾಡಿ ಮುಂದೆ ನಿಂತಿದ್ದೆ. ದಿಂಬು ಇರಲಿಲ್ಲ. ಆ ನಡುವೆ ಯಾರೋ ಬಂದಿದ್ರು. ನಾನು ಮಾಡಿದ್ದನ್ನೆಲ್ಲ ನೋಡ್ತಾ ನಿಂತಿದ್ರು.”

ರಟ್ಟು ಗಾಳಿಗೆ ಒಮ್ಮೆ ಪಟ್ ಅಂತ ಹೊಡೆಯಿತು. ಮೂವರೂ ಬೆಚ್ಚಿಬಿದ್ದೆವು.

ಮೊದಲು ಚೇತರಿಸಿಕೊಂಡವಳು ಹೆಂಡತಿ. “ರೀ, ನೀವು ಹಿಂದೆ ಬನ್ನಿ,” ಅಂದಳು. “ಅತ್ತೆ, ನೀವು ಆ ಕಡೆ ಹೋಗಿ. ಶಾಲೆ ಮೈದಾನ ಖಾಲಿ ಇರುತ್ತೆ ಈ ಹೊತ್ತಲ್ಲಿ.”

“ಈಗಲೇನಾ?” ಅಂದಳು ಅಮ್ಮ.

“ಹೆದರಿಕೆ ಅಂತ ಗಾಡಿ ಬಿಟ್ಟವರು ಮತ್ತೆ ಹತ್ತಲ್ಲ. ನಾನು ಎಷ್ಟೋ ಜನರನ್ನ ನೋಡಿದ್ದೀನಿ.”

ಮೈದಾನದಲ್ಲಿ ನನ್ನ ಅಮ್ಮ ಕಾರು ಓಡಿಸಿದಳು. ದಿಂಬಿಲ್ಲದ್ದಕ್ಕೆ ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದು ಮಡಿಸಿ ಸೀಟಿನ ಮೇಲೆ ಹಾಕಿಕೊಂಡಳು. ನಾನು ಹಿಂದಿನ ಸೀಟಿನಲ್ಲಿ ರೇಡಿಯೋ ಹಿಡಿದುಕೊಂಡು ಕೂತಿದ್ದೆ. ಗಾಡಿ ಒಮ್ಮೆಯೂ ಕುಲುಕಲಿಲ್ಲ. ಎರಡನೇ ಸುತ್ತಿಗೆ ಅಮ್ಮ ಹಾಡು ಗುನುಗತೊಡಗಿದಳು. ಗುರುವಾರದಿಂದ ಯಾರೋ ಅಪರಿಚಿತ ಕೂತೆದ್ದ ಕಾರು ಅಂತ ಮುಟ್ಟಲು ಹೇಸುತ್ತಿದ್ದೆ. ಕೂತಿದ್ದವಳು ನಮ್ಮಮ್ಮ.

“ಮನೆಗೆ ಹೋಗೋಣ್ವಾ ಅಮ್ಮ?” ಅಂದೆ. “ನಮ್ಮನೆಗೆ?”

“ನಿಮ್ಮಕ್ಕ ಊಟಕ್ಕೆ ಕಾಯ್ತಿರ್ತಾಳೆ,” ಅಂದಳು. “ಮೊದಲು ಮನೆಗೆ ಹೋಗಿ ಅವಳಿಗೊಂದು ಫೋನ್ ಮಾಡೋಣ. ಹೊರಡೋದೋ ಬಿಡೋದೋ ಆಮೇಲೆ.”

ಮನೆಯವರೆಗೆ ಹೆಂಡತಿ ಓಡಿಸಿದಳು. ಗೇಟು ನಾವು ಹಾಕಿಹೋದ ಹಾಗೇ ಹಾಕಿತ್ತು. ಮುಂಬಾಗಿಲಿನ ಹೊಸ ಬೀಗ ಮಿರಮಿರ ಮಿಂಚುತ್ತಿತ್ತು.

ಬಾಗಿಲ ಪಕ್ಕದ ಬೆಂಚಿನ ಮೇಲೆ ದಿಂಬು ಇತ್ತು.

ಕಂದು ಬಣ್ಣದ ಗೀಟು. ಒಗೆದು, ಒಣಗಿಸಿ, ಗೋಡೆಗೆ ಒರಗಿಸಿ ನೀಟಾಗಿ ಇಟ್ಟಿದ್ದರು. ಇನ್ನೂ ಸೋಪಿನ ವಾಸನೆ ಬರುತ್ತಿತ್ತು. ನಾವು ಹೊರಗಿದ್ದ ಅಷ್ಟು ಹೊತ್ತಿನಲ್ಲೇ ಯಾರೋ ಬಂದು ಹೋಗಿದ್ದರು.

ಅಮ್ಮ ಅದನ್ನು ಎತ್ತಿಕೊಂಡು, ಮಗುವಿನ ಮೈ ಸವರುವ ಹಾಗೆ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಒಂದು ಬದಿಗೆ ಬಂದಾಗ ಬೆರಳು ನಿಂತಿತು.

“ಇದು ನನ್ನ ಹೊಲಿಗೆ ಅಲ್ಲ,” ಅಂದಳು.

ನಾನು ಬಗ್ಗಿ ನೋಡಿದೆ. ಆ ಬದಿಯನ್ನು ಪೂರ್ತಿ ಬಿಚ್ಚಿ, ಕಪ್ಪು ದಾರದಲ್ಲಿ ಮತ್ತೆ ಹೊಲಿದಿದ್ದರು. ಎಳೆದುಕೊಂಡು ಹೋಗುವ ಹೊಲಿಗೆಯಲ್ಲ. ಒಂದೊಂದು ಹೊಲಿಗೆಗೂ ಬೇರೆ ಗಂಟು, ಗಂಟಿನ ಪಕ್ಕ ಒಂದೇ ಅಳತೆಗೆ ಕತ್ತರಿಸಿದ ಎರಡು ತುದಿ. ಇಂಥ ಹೊಲಿಗೆಯನ್ನು ನಾನು ನೋಡಿದ್ದೇನೆ, ಹಲ್ಲು ಕಿತ್ತ ಒಸಡಿನ ಮೇಲೆ. ದರ್ಜಿ ಬಟ್ಟೆಯನ್ನು ಹೀಗೆ ಹೊಲಿಯುವುದಿಲ್ಲ. ಗಾಯ ಹೊಲಿದು ರೂಢಿಯಾದವರು ಹೊಲಿಯುತ್ತಾರೆ.

“ಡಾಕ್ಟರು,” ಅಂದೆ.

“ಇಲ್ಲಾ ನರ್ಸಮ್ಮ,” ಅಂದಳು ಹೆಂಡತಿ. ಅವಳ ದನಿ ಮೊದಲ ಸಲ ಸ್ವ‌ಲ್ಪ ಏರಿತ್ತು.

ಅಮ್ಮ ದಿಂಬನ್ನು ಮೆಲ್ಲಗೆ ಹಿಸುಕಿದಳು. ಇನ್ನೊಮ್ಮೆ ಹಿಸುಕಿದಳು. ನಡುವಿನಲ್ಲಿ ಹತ್ತಿಯಲ್ಲದ್ದು ಏನೋ ಕೈಗೆ ಸಿಕ್ಕಿತು ಅಂತ ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು.

“ನಾನು ಹತ್ತಿ ಬಿಟ್ಟು ಏನೂ ತುಂಬಿರಲಿಲ್ಲ,” ಅಂದಳು.

ಆಮೇಲೆ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಕೈಯಿಂದ ರೇಡಿಯೋ ಕಿತ್ತುಕೊಂಡು, ಬಾಗಿಲ ಮುಂದೆ ನಿಂತಳು.

“ಬೀಗ ತೆಗಿ. ನಿಮ್ಮಕ್ಕನಿಗೆ ಫೋನ್ ಮಾಡಿ ಹೇಳು, ನಾನು ಬರಲ್ಲ ಅಂತ. ಕತ್ತರಿ ಎಲ್ಲಿದೆ?”